ಹೊರಗಿನ ಕಾಲು

ನಮ್ಮೂರಿನಲ್ಲಿ ಯಾರ ಸ್ಕೂಟರೂ ಅವರವರ ಕಾಲಿಗೆ ಸ್ಟಾರ್ಟ್ ಆಗುವುದಿಲ್ಲ. ನನ್ನ ಗಾಡಿಗೆ ನಾನು ಸಂಜೆಯವರೆಗೆ ಕಿಕ್ ಹೊಡೆದರೂ ಅದು ಕೆಮ್ಮುವುದು ಸಹ ಇಲ್ಲ. ನನ್ನ ಮನೆಯವರೆಂದು ಯಾರಾದರೂ ಇದ್ದರೆ ಅವರ ಕಾಲಿಗೂ ಅಷ್ಟೇ. ಬೇರೆ ಮನೆಯವರು ಬಂದು ಒಮ್ಮೆ ತುಳಿದರೆ ಸಾಕು, ಏನೂ ಆಗಿಯೇ ಇಲ್ಲವೆಂಬಂತೆ ಶುರುವಾಗುತ್ತದೆ. ಹಾಗೆ ತುಳಿಯುವವರನ್ನು ನಾವು ಹೊರಗಿನ ಕಾಲು ಎನ್ನುತ್ತೇವೆ. ಬೆಳಗಿನ ಮೊದಲ ಕಿಕ್ಕಿಗೆ ಪ್ರತಿಯೊಬ್ಬರಿಗೂ ಒಬ್ಬರು ಗೊತ್ತಾದವರು ಇರುತ್ತಾರೆ. ಅವರ ಗಾಡಿಗೆ ನೀವು, ನಿಮ್ಮ ಗಾಡಿಗೆ ಅವರು. ಮನೆ ಬಾಡಿಗೆಗೆ ಹಿಡಿಯುವ ಮೊದಲು ನೀರು ಹೇಗೆ ಎಂದು ಕೇಳುವುದಕ್ಕಿಂತ, ಪಕ್ಕದವರು ಎಷ್ಟು ಹೊತ್ತಿಗೆ ಏಳುತ್ತಾರೆ ಎಂದು ಕೇಳುವವರೇ ನಮ್ಮಲ್ಲಿ ಹೆಚ್ಚು. ಜಗಳವಾಡಿ ಮಾತು ಬಿಟ್ಟ ನೆರೆಯವರು ಕೂಡ ಬೆಳಿಗ್ಗೆ ಮುಖ ಆ ಕಡೆ ತಿರುಗಿಸಿಕೊಂಡೇ ಒಬ್ಬರ ಗಾಡಿಗೆ ಇನ್ನೊಬ್ಬರು ಕಿಕ್ ಹೊಡೆದು, ಮತ್ತೆ ಮಾತು ಬಿಟ್ಟವರಾಗಿಯೇ ಒಳಗೆ ಹೋಗುತ್ತಾರೆ. ಇದು ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ನಾನು ದೋಸೆ ಹಿಟ್ಟು ಮಾರುವವಳು.

ಇಲ್ಲಿರುವುದೆಲ್ಲ ಚೈನಾ ಗಾಡಿಗಳು. ಕಬ್ಬಿಣದ ಚೌಕಟ್ಟಿನೊಳಗೆ ರಟ್ಟು ಸುತ್ತಿಕೊಂಡು ಲಾರಿಯಲ್ಲಿ ಬಂದು ಇಳಿಯುತ್ತವೆ. ಅವಕ್ಕೆ ಹೆಸರು ಯಾರು ಇಡುತ್ತಾರೋ ದೇವರೇ ಬಲ್ಲ. ನನ್ನದು ಹ್ಯಾಪಿ ಮೂನ್, ಪಕ್ಕದ ಮನೆಯ ನೀಲಕಂಠಯ್ಯನವರದು ಸ್ವೀಟ್ ಟೈಗರ್. ಹೆಸರು ಏನೇ ಇರಲಿ, ಒಳಗಿನ ಎಂಜಿನ್ ಮಾತ್ರ ಎಲ್ಲದಕ್ಕೂ ಒಂದೇ. ಮೂನಿನ ಬೆಲ್ಟು ಟೈಗರಿಗೆ ಆಗುತ್ತದೆ, ಟೈಗರಿನ ಕಾರ್ಬ್ಯುರೇಟರ್ ಮೂನಿಗೆ ಆಗುತ್ತದೆ. ರಟ್ಟು ಬಿಚ್ಚಿದ ದಿನವೇ ಓಡಿಸುವವರು ಪೆದ್ದರು. ಮೊದಲು ಒಂದೊಂದೇ ನಟ್ಟು ಬೋಲ್ಟು ಬಿಚ್ಚಿ ಮತ್ತೆ ಬಿಗಿಯಬೇಕು. ಜೊತೆಗೆ ಬಂದ ಪೆಟ್ರೋಲ್ ಪೈಪು ವರ್ಷದೊಳಗೆ ಹಪ್ಪಳದಂತೆ ಮುರಿಯುವುದರಿಂದ ಅದನ್ನು ಕಿತ್ತು ಬೇರೆ ಹಾಕಬೇಕು. ಎಂಜಿನ್ನಿನಲ್ಲಿರುವ ಆಯಿಲ್ ಚೆಲ್ಲಿ ಒಳ್ಳೆಯದು ತುಂಬಬೇಕು. ಇಷ್ಟು ಮಾಡಿದರೆ ಹತ್ತು ಹನ್ನೆರಡು ವರ್ಷ ತಕರಾರಿಲ್ಲದೆ ಇರುತ್ತದೆ. ಮಾಡದಿದ್ದರೆ ಮೊದಲ ತಿಂಗಳಲ್ಲೇ ಕನ್ನಡಿ ಒಂದು ಕಡೆ, ಸೈಲೆನ್ಸರ್ ಒಂದು ಕಡೆ. ಬಟನ್ ಸ್ಟಾರ್ಟ್ ಎಂದು ಒಂದು ಇರುತ್ತದೆ, ಆದರೆ ಬ್ಯಾಟರಿ ವರ್ಷ ತುಂಬುವುದರೊಳಗೆ ಕಣ್ಣು ಮುಚ್ಚುತ್ತದೆ. ಬೆಲ್ಟಿನ ಗಾಡಿಯಾದ್ದರಿಂದ ತಳ್ಳಿ ಸ್ಟಾರ್ಟ್ ಮಾಡುವುದಕ್ಕೂ ಆಗುವುದಿಲ್ಲ. ಕಿಕ್ಕೇ ಗತಿ.

ನನ್ನ ಹೆಸರು ಚಂಪಾವತಿ. ಈಗ ಐವತ್ತೆರಡು ವರ್ಷ. ಮದುವೆ ಆಗಲಿಲ್ಲ, ಮೊದಲು ತಮ್ಮಂದಿರ ಓದು, ಆಮೇಲೆ ಅಮ್ಮನ ಕಾಯಿಲೆ, ಆಮೇಲೆ ಯಾರೂ ಕೇಳಲಿಲ್ಲ. ಬೆಳಿಗ್ಗೆ ಐದೂವರೆಗೆ ನಾಲ್ಕು ಸ್ಟೀಲ್ ಕ್ಯಾನು ಹಿಟ್ಟು ಹೇರಿಕೊಂಡು ಹೊರಡುತ್ತೇನೆ, ಎರಡು ಕಾಲಿಡುವ ಜಾಗದಲ್ಲಿ, ಎರಡು ಹಿಂದೆ. ಮನೆಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ಹಿಟ್ಟಿಗೆ ಬಂದವರು ಪಾತ್ರೆ ಕೆಳಗಿಟ್ಟು ಒಂದು ಕಿಕ್ ಹೊಡೆದು ಹೋಗುವುದು ವಾಡಿಕೆ, ಹಾಗಾಗಿ ದಾರಿಯಲ್ಲಿ ತೊಂದರೆಯಿಲ್ಲ. ಮೊದಲ ಕಿಕ್ ಮಾತ್ರ ಹನ್ನೊಂದು ವರ್ಷದಿಂದ ನೀಲಕಂಠಯ್ಯನವರದು. ಎಂಟೂಮುಕ್ಕಾಲಿಗೆ ನಾನು ಖಾಲಿ ಕ್ಯಾನುಗಳೊಂದಿಗೆ ವಾಪಸ್ಸು ಬರುವ ಹೊತ್ತಿಗೆ ಅವರು ಕೆಲಸಕ್ಕೆ ಹೊರಟು ನಿಂತಿರುತ್ತಾರೆ. ಅವರ ಸ್ವೀಟ್ ಟೈಗರಿಗೆ ನಾನು ಕಿಕ್ ಹೊಡೆಯುತ್ತೇನೆ. ದಿನಕ್ಕೆ ಎರಡು ಭೇಟಿ, ಎರಡರಲ್ಲೂ ಸೇರಿ ಹತ್ತು ಮಾತು.

ಅವರು ಪ್ರೆಸ್ಸಿನಲ್ಲಿ ಕರಡು ತಿದ್ದುವವರು. ಹೆಂಡತಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮೇಲೆ ಈ ಊರಿಗೆ ಬಂದರಂತೆ. ತಪ್ಪು ಹುಡುಕುವುದು ಅವರ ಕಸುಬು ಮಾತ್ರವಲ್ಲ, ಸ್ವಭಾವ. ಸ್ಕೂಟರಿನ ಜೊತೆ ಬಂದ ಪುಸ್ತಕದ ಇಂಗ್ಲಿಷನ್ನು ಮೊದಲ ಪುಟದಿಂದ ಕೊನೆಯವರೆಗೆ ಕೆಂಪು ಶಾಯಿಯಲ್ಲಿ ತಿದ್ದಿಟ್ಟಿದ್ದಾರೆ. ಭಾನುವಾರ ಬಂತೆಂದರೆ ಗೋಣಿಚೀಲ ಹಾಸಿ ಟೈಗರನ್ನು ಬಿಚ್ಚಿ ಕೂರುತ್ತಾರೆ; ಎಂಜಿನ್ ತಣ್ಣಗಿರುವಾಗಲೇ ವಾಲ್ವಿನ ಟ್ಯಾಪೆಟ್ ಸಂದು ನೋಡಬೇಕು ಎಂದು ಕಾಫಿ ಕುಡಿಯುವ ಮೊದಲೇ ನೋಡುತ್ತಾರೆ. ಆ ಸ್ಕೂಟರಿನ ಮೇಲೆ ಒಂದು ಗೀರಿಲ್ಲ. ಅಷ್ಟು ಜತನದಿಂದ ಯಾರೂ ತಮ್ಮ ಸ್ವಂತ ಹಲ್ಲನ್ನೂ ನೋಡಿಕೊಂಡಿರಲಾರರು. ಓಣಿಗೆಲ್ಲ ನಾನು ಚಂಪಕ್ಕ. ಅವರೊಬ್ಬರು ಮಾತ್ರ ಒಂದು ಅಕ್ಷರವನ್ನೂ ಬಿಡದೆ ಚಂಪಾವತಿಯವರೇ ಎನ್ನುತ್ತಾರೆ.

ಆರು ತಿಂಗಳ ಹಿಂದೆ ಅವರು ಐದು ದಿನ ಅಕ್ಕನ ಊರಿಗೆ ಹೋಗಿದ್ದರು. ಆ ಐದು ದಿನ ಎದುರು ಮನೆಯ ಹಾಲಮ್ಮ ನನ್ನ ಗಾಡಿಗೆ ಕಿಕ್ ಹೊಡೆದಳು. ಯಾರಾದರೂ ಊರಲ್ಲಿಲ್ಲದಾಗ ಹೀಗೆ ಬದಲಿ ಮಾಡಿಕೊಳ್ಳುವುದು ಸಾಮಾನ್ಯ, ಅದರಲ್ಲಿ ವಿಶೇಷವೇನಿಲ್ಲ. ವಿಶೇಷವಿದ್ದದ್ದು ನನ್ನಲ್ಲಿ. ಮೊದಲ ದಿನ ಉದ್ದು ನೆನೆಹಾಕಲು ಮರೆತೆ. ಎರಡನೆಯ ದಿನ ಉಪ್ಪು ಎರಡು ಸಲ ಹಾಕಿದೆ. ಮೂರನೆಯ ದಿನ ಎಂಟೂಮುಕ್ಕಾಲಿಗೆ ಅವರ ಗೇಟಿನ ಮುಂದೆ ನಿಂತು, ಯಾಕೆ ನಿಂತೆ ಎಂದು ನೆನಪಾಗಿ, ಹಾಲಮ್ಮ ನೋಡಿದಳೇನೋ ಎಂದು ಬಗ್ಗಿ ಚಪ್ಪಲಿ ಸರಿಮಾಡಿಕೊಂಡೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ಈ ವಯಸ್ಸಿನಲ್ಲಿ ಇದೆಂಥ ಚಾಳಿ ಎಂದು ರುಬ್ಬುವ ಯಂತ್ರಕ್ಕೆ ಬೈದೆ.

ಆರನೆಯ ದಿನ ಬೆಳಿಗ್ಗೆ ಅವರು ಎಂದಿನಂತೆ ಬಂದರು. "ಚೆನ್ನಾಗಿದ್ದೀರಾ ಚಂಪಾವತಿಯವ್ರೆ?" ಎಂದು ಕೇಳಿ ಕಿಕ್ ಹೊಡೆದರು. ಗಾಡಿ ಸ್ಟಾರ್ಟ್ ಆಗಲಿಲ್ಲ. ಎರಡನೆಯ ಸಲ ಹೊಡೆದರು, ಮೂರನೆಯ ಸಲ ಹೊಡೆದರು. ನಾಲ್ಕನೆಯ ಕಿಕ್ಕೂ ಹಾಗೇ ಸುಮ್ಮನೆ ಕೆಳಗಿಳಿದು ಮೇಲೆ ಬಂತು.

ನಮ್ಮೂರಿನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ, ನಿಮಗೆ ಹೇಳುತ್ತೇನೆ. ಹೊರಗಿನ ಕಾಲು ಒಮ್ಮೊಮ್ಮೆ ಒಳಗಾಗುತ್ತದೆ. ಹಾಲಮ್ಮನ ಸೊಸೆ ಮದುವೆಯಾಗಿ ಬಂದ ಮೇಲೂ ಎಂಟು ತಿಂಗಳು ಅತ್ತೆಯ ಗಾಡಿ ಅವಳ ಕಾಲಿಗೆ ಸಲೀಸಾಗಿ ಸ್ಟಾರ್ಟ್ ಆಗುತ್ತಿತ್ತು. ಒಂದು ಬೆಳಿಗ್ಗೆ ಆಗಲಿಲ್ಲ. ಹಾಲಮ್ಮ ಅವತ್ತು ಓಣಿಗೆಲ್ಲ ಹೋಳಿಗೆ ಹಂಚಿ, ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅತ್ತಳು. ಗಾಡಿಯ ಯಜಮಾನರ ಮನಸ್ಸು ಯಾರನ್ನು ತನ್ನವರೆಂದು ಒಳಗೆ ಕರೆದುಕೊಂಡಿತೋ ಅವರ ಕಾಲು ಆ ಗಾಡಿಗೆ ಸತ್ತಂತೆ. ಎರಡೂ ಕಡೆ ಒಟ್ಟಿಗೇ ಆದರೆ ಸಂತೋಷ. ಒಂದೇ ಕಡೆ ಆಗುವುದೂ ಉಂಟು. ಕೆಳಗಿನ ಬೀದಿಯ ಟೈಲರ್ ಒಬ್ಬರ ಗಾಡಿ ಪಕ್ಕದ ಮನೆಯ ಟೀಚರಮ್ಮನ ಕಾಲಿಗೆ ನಿಂತುಹೋಯಿತು; ಟೀಚರಮ್ಮನ ಗಾಡಿ ಮಾತ್ರ ಅವರ ಕಾಲಿಗೆ ಎಂದಿನಂತೆ ಸ್ಟಾರ್ಟ್ ಆಗುತ್ತಿತ್ತು. ಊರೆಲ್ಲ ಕನಿಕರಪಟ್ಟಿತು. ಟೈಲರ್ ಗಾಡಿ ಮಾರಿ ಈಗಲೂ ನಡೆದೇ ಓಡಾಡುತ್ತಾರೆ.

"ಪ್ಲಗ್ ಇರ್ಬೇಕು," ಎಂದರು ನೀಲಕಂಠಯ್ಯ.

"ಕಾರ್ಬ್ಯುರೇಟರ್ ಇರ್ಬೇಕು," ಎಂದೆ ನಾನು. "ನಿನ್ನೆಯಿಂದ್ಲೂ ಸರಿಯಿಲ್ಲ ಅದು. ನೀವು ಹೋಗಿ, ನಾನು ನೋಡ್ಕೊಳ್ತೀನಿ."

ಅವರು ಹೋಗಲಿಲ್ಲ. ಪ್ಲಗ್ ಬಿಚ್ಚಿದರು, ಉಪ್ಪುಕಾಗದದಲ್ಲಿ ಉಜ್ಜಿದರು, ಕಿಡಿ ಬರುತ್ತದೋ ಎಂದು ಎಂಜಿನ್ನಿಗೆ ತಾಗಿಸಿ ನೋಡಿದರು. ನೀಲಿ ಕಿಡಿ ಚಟಚಟ ಎಂದಿತು. ಮತ್ತೆ ಹಾಕಿ ತುಳಿದರು, ಇಲ್ಲ. ಆರೂಕಾಲಾಯಿತು. ಕೊನೆಗೆ ನಾನೇ ಗಾಡಿಯನ್ನು ಕ್ಯಾನುಗಳ ಸಮೇತ ತಳ್ಳಿಕೊಂಡು ಓಣಿಯ ಮೂಲೆಗೆ ಹೋದೆ. ಅಲ್ಲಿ ಮೆಕ್ಯಾನಿಕ್ ಬುಡನ್ ಸಾಬರು ನಮಾಜು ಮುಗಿಸಿ ಬರುತ್ತಿದ್ದರು. ಅವರ ಕಾಲಿಗೆ ಒಂದೇ ಕಿಕ್. ಅವತ್ತು ಎಂಟೂಮುಕ್ಕಾಲಿಗೆ ವಾಪಸ್ಸು ಬಂದು ನೀಲಕಂಠಯ್ಯನವರ ಟೈಗರಿನ ಮೇಲೆ ಕಾಲಿಟ್ಟಾಗ ಮನಸ್ಸಿನಲ್ಲೇ ಎಲ್ಲ ದೇವರಿಗೂ ಕೈಮುಗಿದೆ, ಆಗದಿರಲಿ, ಆಗದಿರಲಿ ಎಂದು. ಅದು ಮೊದಲ ಕಿಕ್ಕಿಗೇ ಶುರುವಾಯಿತು. ಅಷ್ಟು ಒಳ್ಳೆಯ ಸದ್ದನ್ನು ನಾನು ಅಷ್ಟು ದ್ವೇಷಿಸಿದ್ದು ಅದೇ ಮೊದಲು.

ಮಧ್ಯಾಹ್ನ ಗಾಡಿಯನ್ನು ಬುಡನ್ ಸಾಬರ ಅಂಗಡಿಗೆ ಒಯ್ದೆ. ಅವರು ಸೀಟಿನ ಕೆಳಗಿನ ಡಬ್ಬ ಎತ್ತಿದರು, ಗಾಳಿಯ ಫಿಲ್ಟರ್ ನೋಡಿದರು, ಪೆಟ್ರೋಲ್ ಪೈಪು ಹಿಂಡಿದರು, ಟ್ಯಾಪೆಟ್ಟಿನ ಸಂದಿನಲ್ಲಿ ತಗಡು ತೂರಿಸಿ ಎಳೆದರು. ಕಿಕ್ ಹೊಡೆದರು, ಶುರುವಾಯಿತು. ಆರಿಸಿ ಮತ್ತೆ ಹೊಡೆದರು, ಮತ್ತೆ ಶುರುವಾಯಿತು.

"ಬೆಳಿಗ್ಗೆ ಯಾರ ಕಾಲಿಗೆ ಆಗಲಿಲ್ಲ ಅಂದ್ರಿ?" ಎಂದು ಕೇಳಿದರು.

"ಯಾರ ಕಾಲಿಗೆ ಅಂತ ನಾನು ಹೇಳ್ಲಿಲ್ಲ," ಎಂದೆ.

ಬುಡನ್ ಸಾಬರು ಬಟ್ಟೆಯಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. ಆಮೇಲೆ ನನ್ನ ಮುಖ ನೋಡದೆ, "ಕಾರ್ಬ್ಯುರೇಟರ್ ಅಂತ ಹೇಳ್ಲಾ, ಕಿಡಿ ಕೊಡೋ ಸಿಡಿಐ ಅಂತ ಹೇಳ್ಲಾ ಚಂಪಕ್ಕ? ಕಾರ್ಬ್ಯುರೇಟರ್ ಅಂದ್ರೆ ಒಂದು ವಾರ ನಡೀತದೆ. ಸಿಡಿಐ ಅಂದ್ರೆ ಸಾಮಾನು ಬರ್ಬೇಕು ಅಂತ ತಿಂಗಳು ಎಳೀಬಹುದು," ಎಂದರು.

ನನಗೆ ಅಳು ಬಂತು. ಕಾರ್ಬ್ಯುರೇಟರೇ ಇರಲಿ ಎಂದೆ. ಅವರು ದಿನಾ ಐದೂಮುಕ್ಕಾಲಿಗೆ ಮೂಲೆಯಲ್ಲಿ ನಿಂತಿರುತ್ತೇನೆ, ತಳ್ಳಿಕೊಂಡು ಬನ್ನಿ ಎಂದು ಹೇಳಿ ಕಳಿಸಿದರು.

ಆದರೆ ಕಾರ್ಬ್ಯುರೇಟರನ್ನು ಬುಡನ್ ಸಾಬರಿಗೆ ಬಿಡಲು ನೀಲಕಂಠಯ್ಯನವರು ಒಪ್ಪಲಿಲ್ಲ. ತಾವೇ ನೋಡುತ್ತೇನೆ ಎಂದು ಸಂಜೆ ಪ್ರೆಸ್ಸಿನಿಂದ ಬಂದ ಕೂಡಲೇ ಗೋಣಿಚೀಲ ಹಿಡಿದು ನನ್ನ ಅಂಗಳಕ್ಕೆ ಬಂದರು. ಹೀಗೆ ಮೂರು ವಾರ ಬಂದರು. ಮೊದಲ ವಾರ ಕಾರ್ಬ್ಯುರೇಟರ್ ಬಿಚ್ಚಿ ಅದರ ಸಣ್ಣ ಜೆಟ್ಟಿನ ತೂತಿಗೆ ತಾಮ್ರದ ಎಳೆ ತೂರಿಸಿ, ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. "ನೋಡಿ, ಬೆಳಕು ಕಾಣ್ತದೆ," ಎಂದು ನನಗೂ ಕೊಟ್ಟರು. ನಾನೂ ನೋಡಿದೆ. ಸೂಜಿಮೊನೆಯಷ್ಟು ಬೆಳಕು ಕಂಡಿತು. ಎರಡನೆಯ ವಾರ ಪೈಪುಗಳನ್ನು ಬದಲಾಯಿಸಿದರು, ಪೆಟ್ರೋಲ್ ಬಿಡುವ ಕಾಕು ಬಿಚ್ಚಿ ತೊಳೆದರು. ಬೋಲ್ಟುಗಳು ಕಳೆಯದಂತೆ ನನ್ನ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಒಂದೊಂದು ಜಾತಿಯನ್ನು ಬೇರೆಬೇರೆ ಇಟ್ಟುಕೊಂಡರು. ನಾನು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ಕೇಳಿದ ಸ್ಪ್ಯಾನರು ಕೊಡುತ್ತಿದ್ದೆ. ಹತ್ತನೇ ನಂಬರಿನದು, ಹನ್ನೆರಡನೆಯದು ಎಂದು ಕೈ ಚಾಚಿದರೆ ಸಾಕು, ನೋಡದೆಯೇ ಇಡುವಷ್ಟು ಪಳಗಿದೆ. ಕತ್ತಲಾಗುವ ಮೊದಲು ದೋಸೆ ಹುಯ್ಯುತ್ತಿದ್ದೆ. ಅವರು ಗ್ರೀಸಿನ ಕೈಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಸೋಪಿನಲ್ಲಿ ತೊಳೆದು, ನಾಲ್ಕು ದೋಸೆ ತಿಂದು ಹೋಗುತ್ತಿದ್ದರು. ನನ್ನ ಬದುಕಿನಲ್ಲಿ ಅಷ್ಟು ಸುಖದ ಮೂರು ವಾರ ಬೇರೆ ಇರಲಿಲ್ಲ, ಅಷ್ಟು ಸಂಕಟದ್ದೂ ಇರಲಿಲ್ಲ.

ಸಂಕಟ ಯಾಕೆಂದರೆ, ಪ್ರತಿ ಬೆಳಿಗ್ಗೆ ಐದೂವರೆಗೆ ಅವರು ಬಂದು ನನ್ನ ಗಾಡಿಗೆ ಕಿಕ್ ಹೊಡೆಯುತ್ತಿದ್ದರು, ಅದು ಏಳುತ್ತಿರಲಿಲ್ಲ. "ಮೂಲೆವರೆಗೆ ತಳ್ಳಿದ್ರೆ ಹೇಗೋ ಶುರುವಾಗುತ್ತೆ," ಎಂದು ನಾನು ಹೇಳುತ್ತಿದ್ದೆ. ಬೆಲ್ಟಿನ ಗಾಡಿ ತಳ್ಳಿದರೆ ಶುರುವಾಗುವುದಿಲ್ಲ ಎಂದು ಚಿಕ್ಕ ಮಕ್ಕಳಿಗೂ ಗೊತ್ತು. ಒಂದು ಅಲ್ಪವಿರಾಮ ತಪ್ಪಿದರೆ ಸಹಿಸದ ಮನುಷ್ಯ ಅದನ್ನು ಕೇಳಿ, "ಹೌದಾ, ಹಾಗಾದ್ರೆ ಸರಿ," ಎಂದು ಸುಮ್ಮನಾಗುತ್ತಿದ್ದರು. ನಾನು ಅದರ ಬಗ್ಗೆ ಯೋಚಿಸುವ ಸ್ಥಿತಿಯಲ್ಲಿರಲಿಲ್ಲ. ಎಂಟೂಮುಕ್ಕಾಲಿಗೆ ಟೈಗರಿನ ಮೇಲೆ ಕಾಲಿಡುವಾಗ, ಇವತ್ತು ನಿಲ್ಲಬಹುದು ಎಂದುಕೊಳ್ಳುತ್ತಿದ್ದೆ. ನಿನ್ನೆ ಎರಡು ಗಂಟೆ ಜೊತೆಗೆ ಕೂತಿದ್ದೆವು, ದೋಸೆ ಚೆನ್ನಾಗಿದೆ ಎಂದರು, ನನ್ನ ಅಮ್ಮನ ಬಗ್ಗೆ ಕೇಳಿದರು, ಇವತ್ತು ಖಂಡಿತ ನಿಲ್ಲುತ್ತದೆ. ಅದು ನಿಲ್ಲಲಿಲ್ಲ. ದಿನಾ ಮೊದಲ ಕಿಕ್ಕಿಗೇ. ಬೇಕೆಂದೇ ಕಾಲಲ್ಲಿ ಮೆಲ್ಲಗೆ ತುಳಿದರೂ ಶುರುವಾಗುತ್ತಿತ್ತು. ಅಷ್ಟು ಚೆನ್ನಾಗಿ ಇಟ್ಟುಕೊಂಡಿದ್ದರಲ್ಲ.

ಇಪ್ಪತ್ತೊಂದನೆಯ ದಿನ ಹಾಲಮ್ಮ ಹಿಟ್ಟು ತೆಗೆದುಕೊಳ್ಳುವ ನೆಪದಲ್ಲಿ ಒಳಗೆ ಬಂದಳು. ನನಗಿಂತ ಹತ್ತು ವರ್ಷ ದೊಡ್ಡವಳು, ಓಣಿಯ ಎಲ್ಲ ಸುದ್ದಿಯೂ ಅವಳ ಕಿಟಕಿಯ ಮುಂದೆಯೇ ಹಾದುಹೋಗಬೇಕು. ಅವಳು ಯಾವತ್ತಿನ ಹಾಗೆ ತಮಾಷೆ ಮಾಡಲಿಲ್ಲ. ನನ್ನ ಭುಜದ ಮೇಲೆ ಕೈಯಿಟ್ಟು, "ಚಂಪಾ, ಒಂದು ಮಾತು ಕೇಳ್ತೀನಿ, ಬೇಜಾರಾಗ್ಬೇಡ. ಅವರ ಗಾಡಿ ಈಗ್ಲೂ ನಿನ್ನ ಕಾಲಿಗೆ ಸ್ಟಾರ್ಟ್ ಆಗುತ್ತೇನೆ?" ಎಂದಳು.

"ಆಗುತ್ತೆ," ಎಂದೆ.

ಅವಳು ನನ್ನ ಕೆನ್ನೆ ಸವರಿ, ಹಿಟ್ಟಿನ ಪಾತ್ರೆಯನ್ನು ಅಲ್ಲೇ ಮರೆತು ಹೋದಳು. ಹಾಲಮ್ಮ ತಮಾಷೆ ಮಾಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಕನಿಕರ ತಡೆಯಲಾಗಲಿಲ್ಲ. ಓಣಿಗೆ ಗೊತ್ತಾಗಿದೆ, ನಾಳೆ ಕೆಳಗಿನ ಬೀದಿಗೆ ಗೊತ್ತಾಗುತ್ತದೆ, ಆ ಟೈಲರ್ ನನ್ನನ್ನು ನೋಡಿ ಪರಿಚಯದ ನಗು ನಗುತ್ತಾರೆ. ಅಂದು ಸಂಜೆ ನೀಲಕಂಠಯ್ಯ ಗೋಣಿಚೀಲ ಹಾಸಿ ಬಿಚ್ಚತೊಡಗಿದಾಗ ನಾನು ಮಣೆ ತರಲಿಲ್ಲ.

"ಇನ್ನು ಸಾಕು ಬಿಡಿ," ಎಂದೆ. "ಗಾಡಿ ಮಾರಿಬಿಡ್ತೀನಿ. ನಾಳೆಯಿಂದ ನೀವು ಬರೋದು ಬೇಡ. ನಿಮ್ಮ ಗಾಡಿಗೂ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ಹಾಲಮ್ಮನಿಗೆ ಹೇಳಿ, ಹೊಡೀತಾಳೆ."

ಅವರು ಸ್ಪ್ಯಾನರನ್ನು ಗೋಣಿಚೀಲದ ಮೇಲೆ ಇಟ್ಟರು. "ನನ್ನಿಂದ ಏನಾದ್ರೂ ತಪ್ಪಾಯ್ತಾ ಚಂಪಾವತಿಯವ್ರೆ?" ಎಂದರು. ತಪ್ಪೇನೂ ಇಲ್ಲ ಎಂದೆ. ಅವರು ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿ, ಇಡ್ಲಿ ತಟ್ಟೆಯನ್ನು ತೊಳೆದು ಜಗಲಿಯ ಮೇಲೆ ಬೋರಲು ಹಾಕಿ, ಗೋಣಿಚೀಲ ಮಡಚಿಕೊಂಡು ಹೋದರು. ದೋಸೆ ತಿನ್ನಲಿಲ್ಲ. ನಾನೂ ತಿನ್ನಲಿಲ್ಲ.

ಮರುದಿನ ಎಂದಿನಂತೆ ಎದ್ದೆ, ಕ್ಯಾನು ತುಂಬಿಸಿ ಗಾಡಿಗೆ ಹೇರಿದೆ. ಆದರೆ ಹೊರಡಲಿಲ್ಲ. ಐದೂವರೆಗೆ ಯಾರೂ ಬರಲಿಲ್ಲ. ಮೂಲೆಯವರೆಗೆ ತಳ್ಳಿಕೊಂಡು ಹೋಗಲು ಮೈಯಲ್ಲಿ ಶಕ್ತಿಯಿರಲಿಲ್ಲ. ಅಷ್ಟು ಮನೆಗಳಲ್ಲಿ ಕಾವಲಿ ಕಾಯುತ್ತಿರುತ್ತದೆ ಎಂದು ಗೊತ್ತಿದ್ದೂ ಜಗಲಿಯ ಮೇಲೆ ಕೂತೇ ಇದ್ದೆ. ಬಿಸಿಲೇರಿತು. ಎಂಟೂಮುಕ್ಕಾಲಿಗೆ ಪಕ್ಕದ ಮನೆಯ ಬಾಗಿಲಿಗೆ ಚಿಲಕ ಹಾಕಿದ ಸದ್ದಾಯಿತು. ಈಗ ಹಾಲಮ್ಮನನ್ನು ಕರೆಯುತ್ತಾರೆ, ಆ ಕರೆಯುವ ದನಿ ಕೇಳಬಾರದು ಎಂದು ನಾನು ಎದ್ದು ಒಳಗೆ ಹೊರಟೆ. ಯಾರನ್ನೂ ಕರೆದ ಸದ್ದಿಲ್ಲ. ಸ್ಟ್ಯಾಂಡ್ ತೆಗೆದ ಸದ್ದು, ಒಂದು ಕಿಕ್ಕಿನ ಸದ್ದು, ಟೈಗರ್ ಶುರುವಾದ ಸದ್ದು.

ನಾನು ಓಡಿಹೋಗಿ ಕಾಂಪೌಂಡ್ ಗೋಡೆಯ ಮೇಲಿಂದ ಇಣುಕಿದೆ. ಅಂಗಳದಲ್ಲಿ ಅವರೊಬ್ಬರೇ ಇದ್ದರು. ಹಾಲಮ್ಮ ಇಲ್ಲ, ಬುಡನ್ ಸಾಬರಿಲ್ಲ, ದಾರಿಹೋಕರು ಯಾರೂ ಇಲ್ಲ.

"ಏನ್ರೀ ಇದು?" ಎಂದೆ.

ಅವರು ಬೆಚ್ಚಿ ಕೀ ತಿರುಗಿಸಿ ಎಂಜಿನ್ ಆರಿಸಿಬಿಟ್ಟರು. ಕದ್ದು ಸಿಕ್ಕಿಬಿದ್ದವರ ಮುಖ.

"ಮತ್ತೆ ಹೊಡೀರಿ."

"ಏನು?"

"ಕಿಕ್. ಮತ್ತೆ ಹೊಡೀರಿ, ನೋಡ್ತೀನಿ."

ಅವರು ಹೊಡೆದರು. ಒಂದೇ ಸಲಕ್ಕೆ ಶುರುವಾಯಿತು. ಅವರೇ ಅದನ್ನು ಆರಿಸಿ, ತಲೆ ತಗ್ಗಿಸಿಕೊಂಡು, "ಇದು ನನ್ನ ಗಾಡಿ ಅಲ್ಲ ಚಂಪಾವತಿಯ‌ವ್ರೆ," ಎಂದರು.

"ಮತ್ತೆ ಯಾರದು?"

"ಪಾಸ್ಕಲ್ ಅಂತ, ನಾನು ಈ ಊರಿಗೆ ಬಂದಾಗ ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡಿಸ್ತಿದ್ದ. ಬೇರೆ ಕಡೆ ಕೆಲ್ಸ ಸಿಕ್ತು ಅಂತ ಹೊರಟ. ಬಂದು ತಗೊಂಡು ಹೋಗ್ತೀನಿ, ಅಲ್ಲೀವರೆಗೂ ಓಡಿಸ್ತಾ ಇರಿ ಅಂತ ಕೀ ಕೊಟ್ಟ. ಬರ್ಲೇ ಇಲ್ಲ. ಇನ್ನೊಬ್ರ ವಸ್ತು ಅಲ್ವಾ, ಅದಕ್ಕೇ ಒಂದು ಗೀರು ಬೀಳದ ಹಾಗೆ ಇಟ್ಟಿದೀನಿ. ಅವನು ಯಾವತ್ತು ಬಂದು ಕೇಳಿದ್ರೂ ಕೊಡ್ಬೇಕಲ್ಲ."

"ಅಂದ್ರೆ ಇದು ನಿಮ್ಮ ಕಾಲಿಗೆ?"

"ಮೊದಲ ದಿನದಿಂದ್ಲೂ ಆಗುತ್ತೆ."

ಈ ಮಾತು ತಲೆಗೆ ಇಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆ ಗಾಡಿಗೆ ಅವರೂ ಹೊರಗಿನ ಕಾಲು, ನಾನೂ ಹೊರಗಿನ ಕಾಲು. ನಾನು ಮೂರು ವಾರ ಅದರ ಬಾಯಿಂದ ಅವರ ಮನಸ್ಸು ಕೇಳುತ್ತಿದ್ದೆ, ಅದಕ್ಕೆ ಅವರ ಮನಸ್ಸಿನ ಗಂಧವೇ ಇರಲಿಲ್ಲ. ಇದು ಇಳಿದ ಮೇಲೆ ಇನ್ನೊಂದು ಇಳಿಯಿತು, ಅದಕ್ಕೆ ಸಿಟ್ಟು ನೆತ್ತಿಗೇರಿತು.

"ಹನ್ನೊಂದು ವರ್ಷ ನನ್ನ ಕೈಲಿ ಸುಮ್ಮನೆ ಕಿಕ್ ಹೊಡೆಸಿದ್ರಾ? ನಂಗೆ ಚಿಕೂನ್‌ಗುನ್ಯ ಬಂದಾಗ ಗೋಡೆ ಹಿಡ್ಕೊಂಡು ಬಂದು ಹೊಡೆದಿದ್ದೆನಲ್ರೀ!"

"ಅವತ್ತು ಬೇಡ ಅಂದೆ ನಾನು."

"ಬೇಡ ಅಂದ್ರಿ. ಯಾಕೆ ಬೇಡ ಅಂತ ಹೇಳಿದ್ರಾ?"

"ಹೇಳಿದ್ರೆ ಮಾರನೇ ದಿನದಿಂದ ನೀವು ಬರ್ತಿರ್ಲಿಲ್ಲ," ಎಂದರು.

ನಾನು ಗೋಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕೇಳಬೇಕಾದ್ದು ಇನ್ನೊಂದಿತ್ತು. "ನನ್ನ ಗಾಡೀನ ಮೂರು ವಾರ ಬಿಚ್ಚಿ ಬಿಚ್ಚಿ ಹಾಕಿದ್ರಲ್ಲ, ಏನು ತಪ್ಪು ಸಿಕ್ತು ಅದರಲ್ಲಿ?"

"ಅದರಲ್ಲಿ ತಪ್ಪಿಲ್ಲ. ನಾಲ್ಕನೇ ಕಿಕ್ಕಿಗೇ ನಂಗೆ ಗೊತ್ತಾಯ್ತು." ಈಗ ಅವರು ತಲೆಯೆತ್ತಿದರು. "ಆದ್ರೆ ನೀವು ಕಾರ್ಬ್ಯುರೇಟರ್ ಅಂದ್ರಿ. ನಿಮಗೆ ಅದು ಕಾರ್ಬ್ಯುರೇಟರ್ ಆಗಿದ್ರೇನೇ ವಾಸಿ ಅನ್ಸಿದ್ರೆ, ಅದನ್ನ ತಿದ್ದೋಕೆ ನಾನ್ಯಾರು? ನನ್ನ ಕಡೆಯಿಂದ ತೋರಿಸೋಣ ಅಂದ್ರೆ ನಂದೇ ಅಂತ ಒಂದು ಗಾಡಿ ಇಲ್ಲ. ಬಾಯಲ್ಲೇ ಹೇಳ್ಬೇಕು. ಅದು ನಂಗೆ ಬರಲ್ಲ. ಬೇರೆಯವರು ಬರೆದದ್ದನ್ನ ತಿದ್ದೋದಷ್ಟೇ ಬರೋದು."

"ಬರ್ದೇ ಇದ್ರೂ ಹೇಳಿ."

ಅವರು ಒಳಗೊಳಗೇ ಬರೆದು ಹೊಡೆದುಹಾಕುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. "ಅಕ್ಕನ ಮನೇಲಿ ಐದು ದಿನಾನೂ ಐದೂವರೆಗೆ ಎದ್ದು ಹೊರಗೆ ಬಂದು ನಿಂತಿರ್ತಿದ್ದೆ. ಏನಾಗಿದೆ ಇವನಿಗೆ ಅಂತ ಅಕ್ಕ ಬೈದ್ಲು. ನನಗೆ ನಿಮ್ಮ ಮನೆಯವನಾಗಿ ಇರ್ಬೇಕು ಅಂತ ಆಸೆ ಚಂಪಾವತಿ," ಎಂದರು.

ಬರುವುದಿಲ್ಲ ಎಂದವರು ಇಷ್ಟು ಚೆನ್ನಾಗಿ ಹೇಳಿದರೆ ಯಾರಿಗೆ ತಡೆಯಲಾಗುತ್ತದೆ? ನಾನು ಗೋಡೆಯ ಮೇಲೆ ಹಣೆಯಿಟ್ಟು ಅತ್ತೆ. ಸಂತೋಷಕ್ಕೆ ಅತ್ತೆ, ಹನ್ನೊಂದು ವರ್ಷ ಹಾಳಾಯಿತಲ್ಲ ಎಂದೂ ಅತ್ತೆ, ಹಾಳಾಗಲಿಲ್ಲ, ದಿನಾ ಎರಡು ಸಲ ನೋಡಿದೆವಲ್ಲ ಎಂದೂ ಅತ್ತೆ. ಅವರು ಗೋಡೆಯ ಆ ಕಡೆಯಿಂದ ಕೈಚಾಚಿ ನನ್ನ ತಲೆಯ ಮೇಲೆ ಇಟ್ಟರೋ ಬಿಟ್ಟರೋ ಎಂಬಂತೆ ಇಟ್ಟರು. ಅಷ್ಟರಲ್ಲಿ ನನ್ನ ಅಂಗಳದಲ್ಲಿ ಠಣ್ ಎಂದು ಸದ್ದಾಯಿತು. ಬಿಸಿಲಿಗೆ ಹಿಟ್ಟು ಉಬ್ಬಿ ಕ್ಯಾನಿನ ಮುಚ್ಚಳ ಕೆಳಗೆ ಬಿದ್ದಿತ್ತು.

"ಅಯ್ಯೋ, ಅಷ್ಟು ಜನ ಕಾಯ್ತಿದಾರೆ," ಎಂದೆ.

"ನಾನೂ ಬರ್ತೀನಿ. ಪ್ರೆಸ್ಸಿಗೆ ಒಂದು ದಿನ ತಡವಾದ್ರೆ ಪ್ರಳಯ ಆಗಲ್ಲ," ಎಂದರು.

ಗಾಡಿಯನ್ನು ಗೇಟಿನಾಚೆ ತಂದೆವು. ನನ್ನ ಕಾಲಿಗೆ ಆಗದು, ಅವರ ಕಾಲಿಗೂ ಆಗದು. ಇಬ್ಬರೂ ಅದರ ಎರಡು ಕಡೆ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರನ್ನು ಕರೆಯುವುದು ಎಂದು ಯೋಚಿಸುವ ಅಗತ್ಯವೇ ಬೀಳಲಿಲ್ಲ. ಹಾಲಮ್ಮ ಎಷ್ಟು ಹೊತ್ತಿನಿಂದ ತನ್ನ ಬಾಗಿಲ ಹಿಂದೆ ನಿಂತಿದ್ದಳೋ, ಅರ್ಧ ಬಾಚಿದ ತಲೆಯಲ್ಲೇ ಹೊರಗೆ ಬಂದಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ನಮ್ಮಿಬ್ಬರನ್ನೂ ಪಕ್ಕಕ್ಕೆ ಸರಿಸಿ, ಒಂದೇ ಕಿಕ್ಕಿಗೆ ಶುರುಮಾಡಿಕೊಟ್ಟಳು. 

ನೀಲಕಂಠಯ್ಯ ಹಿಂದಿನ ಕ್ಯಾನುಗಳಲ್ಲಿ ಒಂದನ್ನು ಬದಿಗೆ ಕಟ್ಟಿ, ಇನ್ನೊಂದನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮುಚ್ಚಳವನ್ನು ಅಂಗೈಯಲ್ಲಿ ಒತ್ತಿ ಹಿಡಿದು ನನ್ನ ಹಿಂದೆ ಕೂತರು. ಹೊಸ ಪೈಪು, ಉಜ್ಜಿದ ಪ್ಲಗ್ಗು, ಮೂರು ವಾರ ತೊಳೆಸಿಕೊಂಡ ಕಾರ್ಬ್ಯುರೇಟರ್ ಇದ್ದ ನನ್ನ ಗಾಡಿ ಇಬ್ಬರನ್ನು ಹೊತ್ತು ಎಂದಿಗಿಂತ ನುಣ್ಣಗೆ ಓಡಿತು. ಮೊದಲ ಮನೆ ದೊಡ್ಡ ಬೀದಿಯ ತಿರುವಿನಲ್ಲಿರುವ ಕಂಪೌಂಡರಮ್ಮನದು. ಗಾಡಿ ಆರಿಸಿ ಹಿಟ್ಟು ಅಳೆದುಕೊಟ್ಟೆ. ಒಂಬತ್ತೂವರೆಗೆ ದೋಸೆ ಹಿಟ್ಟು ತಂದದ್ದಕ್ಕೆ ಆಕೆ ಗೊಣಗುತ್ತ, ಎರಡೂ ಕೈಯಲ್ಲಿ ತುಂಬಿದ ಪಾತ್ರೆ ಹಿಡಿದು ನೀಲಕಂಠಯ್ಯನವರ ಕಡೆ ತಿರುಗಿದರು.

"ನೀವೇ ಒಂದು ಕಿಕ್ ಹೊಡೀರಲ್ಲ ನೀಲಕಂಠಯ್ಯನವ್ರೆ, ನನ್ನ ಕೈ ತುಂಬಿದೆ."

ಬೀದಿಯಲ್ಲಿ ಆ ಹೊತ್ತಿಗೆ ಇಪ್ಪತ್ತು ಜನರಾದರೂ ಇದ್ದರು. ನೀಲಕಂಠಯ್ಯ ಗಾಡಿಯಿಂದ ಇಳಿದು ನಿಂತು, ಹನ್ನೊಂದು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರದಷ್ಟು ದೊಡ್ಡ ದನಿಯಲ್ಲಿ ಹೇಳಿದರು.

"ನನ್ನ ಕಾಲಿಗೆ ಆಗಲ್ಲಮ್ಮ."